ಹಿಮದ ಮೇಲೆ ಚರಗ

ಅಮೆರಿಕದ ಸಿಯೆರಾ ಪರ್ವತಸಾಲಿನಲ್ಲಿ ಹೆಸರಿಲ್ಲದ ಶಿಖರಗಳು ಬಹಳ. ಅವುಗಳಲ್ಲಿ ಒಂದು, ನಕ್ಷೆಯಲ್ಲಿ ೯,೩೦೬ ಅಡಿ ಎಂಬ ಎತ್ತರದ ಅಂಕಿಯನ್ನಷ್ಟೇ ಹೊತ್ತುಕೊಂಡು, ಎರಡು ದೊಡ್ಡ ಶಿಖರಗಳ ನಡುವೆ ನಿಂತಿದೆ. ಮದುವೆಯ ಫೋಟೋದಲ್ಲಿ ಇಬ್ಬರು ಸೋದರಮಾವಂದಿರ ಮಧ್ಯೆ ಸಿಕ್ಕಿಕೊಂಡ ಹುಡುಗನ ಹಾಗೆ. ಕಣಿವೆಯ ರಸ್ತೆಯಲ್ಲಿ ಕಾರು ನಿಲ್ಲಿಸುವವರು ಎಡಗಡೆಯ ಶಿಖರದ ಚಿತ್ರ ತೆಗೆಯುತ್ತಾರೆ, ಬಲಗಡೆಯದರ ಚಿತ್ರವನ್ನೂ ತೆಗೆಯುತ್ತಾರೆ. ನಡುವಿನದು ಎರಡರಲ್ಲೂ ಅರ್ಧರ್ಧ ಬಂದಿರುತ್ತದೆ. ಅದನ್ನೇ ನೋಡಲೆಂದು ಚಳಿಗಾಲಕ್ಕೆ ನಾಲ್ಕು ಸಲ ಹೋಗುತ್ತಿದ್ದವರು ಸ್ಯಾನ್ ರಮೋನಿನ ಶಿವಶರಣಪ್ಪನವರು. ಅವರು ಅದನ್ನು ‘ಸಣ್ಣಾಂವ’ ಎಂದು ಕರೆಯುತ್ತಿದ್ದರು. ಗದಗಿನ ಕಡೆ ಮನೆಯ ಕಿರಿಮಗನನ್ನು ಹಾಗೆ ಕರೆಯುವುದುಂಟು.

ಶಿವಶರಣಪ್ಪನವರದು ಓಕ್ಲ್ಯಾಂಡಿನ ಒಂದು ನೀರು ಸರಬರಾಜು ಕಚೇರಿಯಲ್ಲಿ ಹಿಮ ಅಳೆಯುವ ಕೆಲಸ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ನದಿಯಾಗಿ, ಜಲಾಶಯ ಸೇರಿ, ಕೊಳವೆಗಳಲ್ಲಿ ಇಳಿದು ಊರಿನ ನಲ್ಲಿಗೆ ಬರುತ್ತದೆ. ಬರುವ ಬೇಸಿಗೆಗೆ ಎಷ್ಟು ನೀರಿದೆ ಎಂದು ತಿಳಿಯಬೇಕಾದರೆ ಹಿಮವನ್ನು ಅಳೆಯಬೇಕು. ಎತ್ತರ ಅಳೆದರೆ ಸಾಲದು. ಹೊಸ ಹಿಮ ಅರಳೆಯಂತೆ ಹಗುರ, ಹಳೆಯದು ಕಲ್ಲಿನಂತೆ ಭಾರ. ಆದುದರಿಂದ ಅಲ್ಯೂಮಿನಿಯಮ್ಮಿನ ಉದ್ದನೆಯ ನಳಿಗೆಯನ್ನು ನೆಲ ಮುಟ್ಟುವ ತನಕ ಹಿಮದೊಳಕ್ಕೆ ಇಳಿಸಿ, ಒಳಗೆ ತುಂಬಿದ ಹಿಮದ ಸಮೇತ ಮೇಲೆತ್ತಿ, ತಕ್ಕಡಿಗೆ ತೂಗುಹಾಕಿ, ಬರಿಯ ನಳಿಗೆಯ ತೂಕವನ್ನು ಕಳೆಯಬೇಕು. ಉಳಿದದ್ದು ನೀರು; ಅದನ್ನು ಇಂಚಿನ ಲೆಕ್ಕದಲ್ಲಿ ಬರೆಯುತ್ತಾರೆ. ನಳಿಗೆಯ ತುದಿಗೆ ಒಂದಿಷ್ಟು ಮಣ್ಣು ಅಂಟಿ ಬಂದರೆ ಅದು ನೆಲ ಮುಟ್ಟಿತೆಂಬುದಕ್ಕೆ ಸಾಕ್ಷಿ. ಮಣ್ಣು ಬಾರದ ಅಳತೆಯನ್ನು ಶಿವಶರಣಪ್ಪನವರು ಎಂದೂ ಬರೆದುಕೊಂಡವರಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ಮತ್ತೊಮ್ಮೆ ಚುಚ್ಚುತ್ತಿದ್ದರು.

ಸಣ್ಣಾಂವನ ಬುಡದಲ್ಲಿ ಹೀಗೆ ಅಳೆಯುವುದಕ್ಕೆ ಹತ್ತು ಗುರುತುಗಳ ಒಂದು ಸಾಲು ಇತ್ತು. ಕಚೇರಿಯ ಕಾಗದಗಳಲ್ಲಿ ಅದು ಇಪ್ಪತ್ತೇಳನೆಯ ಸಾಲು. ಒಂದನೆಯ ಗುರುತು ಹೆಪ್ಪುಗಟ್ಟಿದ ಚಿಕ್ಕ ಕೆರೆಯ ದಂಡೆಯಲ್ಲಿ. ಹತ್ತನೆಯದು ಒಂದು ಮುದಿ ಫರ್ ಮರದ ಬಳಿ. ಆ ಮರದ ಕಾಂಡದ ಮೇಲೆ ಹಳದಿ ಹಸಿರಿನ ಪಾಚಿ ಆಳೆತ್ತರದಿಂದ ಮೇಲಕ್ಕೆ ಮಾತ್ರ ಬೆಳೆದಿತ್ತು. ಅದರಿಂದ ಕೆಳಗೆ ಪ್ರತಿ ವರ್ಷ ಹಿಮ ಮುಚ್ಚಿರುವುದರಿಂದ ಪಾಚಿ ಹತ್ತುವುದಿಲ್ಲ. “ನಮ್ಮ ನಳಿಗಿ ಇಲ್ಲದಾಗೂ ಈ ಗಿಡ ಅಳತಿ ಬರದಿಟ್ಟಿತ್ತು ನೋಡು,” ಎಂದು ಅವರು ಹೊಸಬರಿಗೆ ತೋರಿಸುತ್ತಿದ್ದರು. ಮರ ದಾಟಿದರೆ ಬಂಡೆ; ಬಂಡೆಗಳ ನಡುವೆ ಗಾಳಿಗೆ ಬಾಗಿ ನೆಲಕ್ಕೆ ಮಲಗಿದ ಗಿಡ್ಡ ಪೈನುಗಳು; ಅದರಾಚೆ ಬೋಳು ತಲೆ. ಜುಲೈಯಲ್ಲಿ ಅಳತೆ ಇಲ್ಲದಿದ್ದರೂ ಅವರು ಒಮ್ಮೆ ಹೋಗಿಬರುತ್ತಿದ್ದರು. ಆಗ ಕೆರೆಯ ಸುತ್ತ ನೀಲಿ ಹೂವು, ನೆರಳಿನಲ್ಲಿ ಉಳಿದ ಹಿಮದ ಮೇಲೆ ಕೆಂಪು ಬಣ್ಣ. ಆ ಕೆಂಪು ಹಿಮಕ್ಕೆ ಕಲ್ಲಂಗಡಿ ಹಣ್ಣಿನ ವಾಸನೆ ಇರುತ್ತದೆಂದು ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ನೀರಿನ ಮೇಲೆ ಅವರಿಗೆ ಇಷ್ಟೊಂದು ಜೀವ ಏಕೆಂದರೆ, ಅವರು ಹುಟ್ಟಿ ಬೆಳೆದ ಗದಗಿನ ಓಣಿಗೆ ನಲ್ಲಿಯ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ನೀರು ಬಂದ ದಿನ ಶಾಲೆಯಲ್ಲಿ ಅರ್ಧ ತರಗತಿ ಖಾಲಿ. ಮಕ್ಕಳೆಲ್ಲ ಕೊಡ ಹಿಡಿದು ಸಾಲಿನಲ್ಲಿ. ಈಗಲೂ ಅವರು ಹಲ್ಲುಜ್ಜುವಾಗ ನಲ್ಲಿಯನ್ನು ತೆರೆದಿಟ್ಟವರಲ್ಲ.

ಅವರ ಕೈಪುಸ್ತಕಗಳು ಕಚೇರಿಯಲ್ಲಿ ಹೆಸರಾಗಿದ್ದವು. ಪ್ರತಿ ಗುರುತಿಗೆ ಒಂದು ಸಾಲು. ಕೊನೆಯ ಮನೆಯಲ್ಲಿ ‘ಷರಾ’. ಎಲ್ಲರೂ ಖಾಲಿ ಬಿಡುವ ಷರಾ ಮನೆಯನ್ನು ಅವರು ತುಂಬುತ್ತಿದ್ದರು. ಕೊಂಬೆ ಮುರಿದಿದ್ದರೆ ಕೊಂಬೆ, ನರಿಯ ಹೆಜ್ಜೆಯಿದ್ದರೆ ಹೆಜ್ಜೆ, ಹಿಮದ ನಡುವೆ ಮಂಜುಗಡ್ಡೆಯ ಪದರ ಸಿಕ್ಕರೆ ಅದೂ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಬರೆಯದೆ ಬಿಟ್ಟದ್ದು ಒಂದೇ ಸಂಗತಿ.

ಅದು ಚರಗ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸುತ್ತಾರೆ. ಒಬ್ಬರು ಮುಂದೆ ಮುಂದೆ ಅಡುಗೆಯನ್ನು ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೋಗುವರು. ಹಿಂದಿನಿಂದ ಇನ್ನೊಬ್ಬರು ತಂಬಿಗೆಯ ನೀರನ್ನು ಚಿಮುಕಿಸುತ್ತ ಬರುವರು. ಅಮೆರಿಕಕ್ಕೆ ಬಂದ ಮೊದಲ ವರ್ಷ ಅವರ ಹೆಂಡತಿ ಚನ್ನಬಸವ್ವನಿಗೆ ಚರಗ ಚೆಲ್ಲುವುದೆಲ್ಲಿ ಎಂಬ ಚಿಂತೆ ಹತ್ತಿತು. ಅಪಾರ್ಟ್ಮೆಂಟಿನ ಹುಲ್ಲಿನ ಮೇಲೆ ಚೆಲ್ಲುವಂತಿಲ್ಲ. ಆಕೆಯೇ ಎರಡು ದಿನ ಯೋಚನೆ ಮಾಡಿ ತೀರ್ಮಾನ ಕೊಟ್ಟಳು.

“ಇಲ್ಲೆ ನಮಗ ಹೊಲ ಎಲ್ಲೈತ್ರಿ? ನಾವು ಕುಡಿಯೂ ನೀರು ಎಲ್ಲಿಂದ ಬರತೈತಿ, ಅದs ನಮ್ಮ ಹೊಲ. ನೀವು ಹೊಂಟಿದ್ದು ಹೆಂಗೂ ಅಲ್ಲಿಗೇ. ಒಂದ ತುತ್ತು ಚೆಲ್ಲಿ ಬರ್ರಿ.”

ವರ್ಷದ ಮೊದಲ ಅಳತೆ ಡಿಸೆಂಬರಿನ ಕೊನೆಗೋ ಜನವರಿಯ ಆರಂಭಕ್ಕೋ ಬೀಳುತ್ತಿತ್ತು. ಅಮಾವಾಸ್ಯೆ ನಾಲ್ಕು ದಿನ ಹಿಂದುಮುಂದಾದರೆ ಆಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಡುತ್ತಿದ್ದಳು. ಕಾಡಿನಲ್ಲಿ ಪ್ರಾಣಿಗಳಿಗೆ ತಿನಿಸು ಹಾಕಬಾರದೆಂಬ ಫಲಕ ರಸ್ತೆಯಲ್ಲೇ ಇದೆ. ಶಿವಶರಣಪ್ಪನವರು ಅದನ್ನು ನೂರು ಸಲ ಓದಿದ್ದರು. ಆದರೂ ಜೊತೆಗಾರ ಆಚೆ ಹೋದ ಸಮಯ ನೋಡಿ, ಕೆರೆಯ ಆಚೆಯ ಬಂಡೆಯ ಬಳಿ ಒಂದು ರೊಟ್ಟಿಯನ್ನು ಮುರಿದು ಚೆಲ್ಲಿ, ಕೂಗಬೇಕಾದುದನ್ನು ಪಿಸುಗುಟ್ಟಿ ಬರುತ್ತಿದ್ದರು. ನೀರು ಚಿಮುಕಿಸುವುದು ಬಿಟ್ಟುಹೋಗಿತ್ತು. ಸುತ್ತಲೂ ಇರುವುದೆಲ್ಲ ನೀರೇ ಅಲ್ಲವೆ ಎಂದು ಅವರ ಸಮಾಧಾನ.

ಮೂರು ವರ್ಷದ ಹಿಂದೆ ಇಪ್ಪತ್ತೇಳನೆಯ ಸಾಲಿಗೆ ಯಂತ್ರ ಬಂತು. ಫರ್ ಮರದ ಹತ್ತಿರ ನೆಲದ ಮೇಲೆ ಹಾಸಿಗೆಯಂತಹ ಒಂದು ಚಪ್ಪಟೆ ಚೀಲ; ಅದರ ಮೇಲೆ ಬಿದ್ದ ಹಿಮದ ಭಾರವನ್ನು ತಂತಿಯ ಮೂಲಕ ಕಂಬದ ಪೆಟ್ಟಿಗೆಗೆ ತಿಳಿಸುತ್ತದೆ; ಅಲ್ಲಿಂದ ಓಕ್ಲ್ಯಾಂಡಿನ ಪರದೆಯ ಮೇಲೆ ಗಂಟೆಗೊಮ್ಮೆ ಅಂಕಿ ಮೂಡುತ್ತದೆ. ಅದನ್ನು ತಂದು ಕೂರಿಸಿದವನು ಮದ್ದೂರು ಕಡೆಯ ಮುನಿರಾಜು. ಅದೇ ಕಚೇರಿಯ ಎಂಜಿನಿಯರು, ಶಿವಶರಣಪ್ಪನವರಿಗಿಂತ ಹದಿನೈದು ವರ್ಷ ಚಿಕ್ಕವನು, ಅವರ ಮನೆಯಲ್ಲಿ ವಾರಕ್ಕೊಮ್ಮೆ ಉಣ್ಣುವವನು. ಇಬ್ಬರಿಗೂ ಒಬ್ಬರ ಕನ್ನಡವನ್ನು ಇನ್ನೊಬ್ಬರು ಆಡಿಕೊಳ್ಳುವುದು ಒಂದು ಹವ್ಯಾಸ. ಯಂತ್ರದ ಅಂಕಿಗೂ ಕೈಯ ಅಳತೆಗೂ ಮೂರು ಚಳಿಗಾಲ ತಾಳೆಯಾದರೆ, ಇಪ್ಪತ್ತೇಳನೆಯ ಸಾಲಿನಲ್ಲಿ ಕೈಯಿಂದ ಅಳೆಯುವುದನ್ನು ನಿಲ್ಲಿಸಿ, ಇನ್ನೂ ಹನ್ನೆರಡು ಕಡೆ ಮುನಿರಾಜುವಿನ ಯಂತ್ರ ಹಾಕುವುದೆಂದು ಕಚೇರಿ ಗೊತ್ತುಮಾಡಿತ್ತು. ಎರಡು ಚಳಿಗಾಲ ತಾಳೆಯಾಯಿತು. ಮೂರನೆಯದು ಶಿವಶರಣಪ್ಪನವರ ನೌಕರಿಯ ಕೊನೆಯ ಚಳಿಗಾಲವೂ ಆಗಿತ್ತು. ಜೂನಿನಲ್ಲಿ ನಿವೃತ್ತಿ. ತಾವು ಹೋದ ಮೇಲೂ ಯಾರಾದರೊಬ್ಬರು ನಳಿಗೆ ಹೊತ್ತು ಸಣ್ಣಾಂವನ ಬಳಿಗೆ ಹೋಗುತ್ತಿರಬೇಕು, ಆ ಸಾಲು ನಿಲ್ಲಬಾರದು. ಇದೊಂದೇ ಅವರ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಡಿಸೆಂಬರಿನಲ್ಲಿ ಇಬ್ಬರೂ ಕಾಲು ಹೂತುಹೋಗದಂತೆ ಅಗಲವಾದ ಹಿಮದ ಪಾದುಕೆ ಕಟ್ಟಿಕೊಂಡು ಹತ್ತುತ್ತಿದ್ದಾಗ ಮುನಿರಾಜು ಕೇಳಿದ, “ಶರಣಣ್ಣ, ಬುತ್ತಿಲಿ ಏನೈತೆ ಇವತ್ತು? ಬ್ಯಾಗು ಘಂ ಅಂತಾದೆ.”

“ಸಜ್ಜಿ ರೊಟ್ಟಿ. ಹತ್ತೂ ಗುರುತು ಅಳದ ಮ್ಯಾಲೆ ಸಿಗತಾವು.”

“ನಮ್ ಸೆನ್ಸರು ಕೂತ್ಕಂಡೇ ಅಳೀತದೆ ಕಣಣ್ಣ. ಅದ್ಕೆ ರೊಟ್ಟಿನೂ ಬೇಡ, ಮಂಡಿನೋವೂ ಇಲ್ಲ.”

“ಅದಕ್ಕs ನೋಡು, ಅದಕ್ಕ ರುಚೀನೂ ಗೊತ್ತಾಗೂದಿಲ್ಲ.”

ಮಂಡಿನೋವಿನ ಮಾತು ಸುಮ್ಮನೆ ಬಂದುದಲ್ಲ. ಶಿವಶರಣಪ್ಪನವರ ಬಲಗಾಲು ಆ ವರ್ಷ ಸತಾಯಿಸುತ್ತಿತ್ತು. ಅಳತೆ ಮುಗಿಸಿ, ಮುನಿರಾಜು ದಿಣ್ಣೆಯ ಮೇಲಿನ ಆಂಟೆನಾ ನೋಡಲು ಹೋದಾಗ, ಕೆರೆಯ ಆಚೆಯ ಬಂಡೆಯ ತನಕ ನಡೆಯಲು ಅವರಿಗೆ ಆಗಲಿಲ್ಲ. ಫರ್ ಮರದ ಬುಡದಲ್ಲಿಯೇ ರೊಟ್ಟಿ ಮುರಿದು ಚೆಲ್ಲಿದರು. ಮರವೂ ಸಣ್ಣಾಂವನದೇ ಅಲ್ಲವೆ?

ಜನವರಿಯ ಕೊನೆಗೆ ಹೋದಾಗ ನಳಿಗೆ ಇಪ್ಪತ್ತು ಇಂಚು ನೀರು ತೋರಿಸಿತು, ಯಂತ್ರ ಹದಿನಾಲ್ಕು. ಫೆಬ್ರವರಿಯ ಕೊನೆಗೆ ನಳಿಗೆ ಇಪ್ಪತ್ತೇಳು, ಯಂತ್ರ ಹದಿನೈದು. ಕಚೇರಿಯಲ್ಲಿ ಗುಸುಗುಸು ಎದ್ದಿತು. ವಿಭಾಗದ ಮುಖ್ಯಸ್ಥೆ ಲಿಂಡಾ ಒರ್ಟೇಗಾ ಎಂಬಾಕೆ ನೇರ ಮಾತಿನ ಹೆಂಗಸು. ಏಪ್ರಿಲ್ ಅಳತೆಯಲ್ಲಿಯೂ ಇದೇ ಆದರೆ ಯಂತ್ರವನ್ನು ನಂಬಲಾಗದು, ಹನ್ನೆರಡು ಹೊಸ ಯಂತ್ರಗಳ ಮಾತು ಕೈಬಿಟ್ಟು ಇಪ್ಪತ್ತೇಳನೆಯ ಸಾಲನ್ನು ಇನ್ನೂ ಐದು ವರ್ಷ ಕೈಯಿಂದಲೇ ಅಳೆಯುವುದು, ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

ಶಿವಶರಣಪ್ಪನವರಿಗೆ ಒಳಗೊಳಗೆ ಸಂತೋಷವಾಗದೆ ಇರಲಿಲ್ಲ. ಆದರೆ ಮುನಿರಾಜುವಿನ ಮುಖ ನೋಡಿ ಅದು ಪೂರ್ತಿ ಅರಳಲಿಲ್ಲ. ಅವನು ಮಾರ್ಚ್ ತಿಂಗಳಿಡೀ ಯಂತ್ರದ ಲೆಕ್ಕವನ್ನು ತಿರುವಿ ಹಾಕಿದ. ಮನೆಗೆ ಬಂದರೂ ಊಟದ ಮೇಲೆ ಗಮನವಿಲ್ಲ.

“ಪಲ್ಲೆ ಚಲೋ ಆಗಿಲ್ಲೇನಪಾ?” ಎಂದು ಚನ್ನಬಸವ್ವ ಕೇಳಿದಳು.

“ಪಲ್ಯ ಸರಿಯಾಗೇ ಅದೆ ಕಣಕ್ಕ. ನಾನೇ ಸರಿಗಿಲ್ಲ. ಎಲ್ಲಿ ತಪ್ಪು ಮಾಡಿದೀನಿ ಅಂತಾನೇ ಗೊತ್ತಾಯ್ತಿಲ್ಲ.”

ಏಪ್ರಿಲ್ ಒಂದರಂದು ಆಕಾಶ ತೊಳೆದಿಟ್ಟ ಹಾಗಿತ್ತು. ಸಣ್ಣಾಂವನ ತಲೆಯಿಂದ ಗಾಳಿ ಹಿಮದ ಪುಡಿಯನ್ನು ಸೆರಗಿನಂತೆ ಹಾರಿಸುತ್ತಿತ್ತು. ಹತ್ತೂ ಗುರುತುಗಳಲ್ಲಿ ನಳಿಗೆ ಸರಾಸರಿ ಮೂವತ್ತೊಂದು ಇಂಚು ತೋರಿಸಿತು. ಮುನಿರಾಜುವಿನ ಫೋನಿನಲ್ಲಿ ಯಂತ್ರದ ಅಂಕಿ ಹದಿನಾರರಲ್ಲಿಯೇ ನಿಂತಿತ್ತು. ಅವನು ನಳಿಗೆಯ ತುಂಡುಗಳನ್ನು ಬಿಚ್ಚಿ ಒರೆಸತೊಡಗಿದ. ಶಿವಶರಣಪ್ಪನವರು ಫರ್ ಮರಕ್ಕೆ ಕಟ್ಟಿದ್ದ ಅಳತೆಯ ಪಟ್ಟಿಯನ್ನು ಬಿಡಿಸಲು ಹೋದರು.

ಬಿಸಿಲಿಗೆ ಕಾಂಡ ಕಾದು ಮರದ ಸುತ್ತ ಹಿಮ ಕರಗಿ, ಬುಡದಲ್ಲಿ ಬಾವಿಯಂತಹ ತಗ್ಗು ಬಿದ್ದಿತ್ತು. ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ನೋಡಿದರೆ, ಕೆಳಗೆ ತಂತಿಯನ್ನು ಹೊತ್ತ ಕಪ್ಪು ಕೊಳವೆ ಕಂಡಿತು. ಅದರ ಒಂದು ಪಕ್ಕ ಪೂರ್ತಿ ಕಡಿದುಹೋಗಿತ್ತು. ಸಣ್ಣ ಸಣ್ಣ ಹಲ್ಲಿನ ಗುರುತು. ಒಳಗಿನ ತಂತಿಯ ಸಿಪ್ಪೆಯೂ ಹೋಗಿ ತಾಮ್ರ ಹೊಳೆಯುತ್ತಿತ್ತು. ಪಕ್ಕದಲ್ಲಿ ಹಿಮದೊಳಗೆ ಇಲಿಗಳ ಸುರಂಗ. ಸುರಂಗದ ಬಾಯಲ್ಲಿ ಅಂಗೈಯಗಲದ ಏನೋ ಒಂದು ಬೂದು ಚೂರು.

ಊರುಗೋಲಿನಿಂದ ಅದನ್ನು ಎಳೆದುಕೊಂಡರು. ಎಳ್ಳು ಇನ್ನೂ ಅಂಟಿಕೊಂಡಿತ್ತು.

“ಅಣ್ಣ, ಮರದ ಹತ್ರ ತಗ್ಗು ಅದೆ, ಹುಷಾರು,” ಎಂದು ಮುನಿರಾಜು ಕೂಗಿದ. “ಏನಾರ ಕಾಣ್ತಾ ಅಲ್ಲಿ?”

“ಏನಿಲ್ಲ,” ಎಂದರು ಶಿವಶರಣಪ್ಪನವರು. ರೊಟ್ಟಿಯ ಚೂರು ಅವರ ಜೇಬಿಗೆ ಹೋಯಿತು.

ನಾಲ್ಕು ಗಂಟೆಯ ಹಾದಿಯುದ್ದಕ್ಕೂ ಮುನಿರಾಜುವೇ ಕಾರು ಓಡಿಸಿದ. “ಬುಡಿ ಅಣ್ಣ, ನಿಮ್ ಸಾಲು ಉಳ್ಕತು. ನಂಗೂ ಒಂದ್ ಥರ ಖುಷಿನೇ,” ಎಂದ. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ಶಿವಶರಣಪ್ಪನವರಿಗೆ ಹಗುರವಾಗುತ್ತಿತ್ತು. ಇರಲಿಲ್ಲ.

ಮನೆಗೆ ಬಂದು ಅವರು ಚೂರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಚನ್ನಬಸವ್ವ ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿದಳು.

“ಇದು ನಾ ಬಡದ ರೊಟ್ಟಿ. ಇದೆಲ್ಲಿ ಸಿಕ್ತರಿ?”

ಅವರು ಹೇಳಿದರು. ಎಲ್ಲವನ್ನೂ ಹೇಳಿದರು, ಕೆರೆಯ ಬಂಡೆ, ಮಂಡಿನೋವು, ಇಲಿ, ತಂತಿ. ಅಂದು ಮಗಳು ಆರತಿಯೂ ಆಸ್ಪತ್ರೆಯ ಕೆಲಸ ಮುಗಿಸಿ ಊಟಕ್ಕೆ ಬಂದಿದ್ದಳು. ಅವಳು ಬಟ್ಟಲಿನಿಂದ ತಲೆಯೆತ್ತಿ, “ಅಪ್ಪಾ, ದಟ್ಸ್ ಫೀಡಿಂಗ್ ವೈಲ್ಡ್‌ಲೈಫ್. ಟ್ವೆಂಟಿ-ಟೂ ಇಯರ್ಸ್?” ಎಂದಳು.

“ನೀ ಉಣ್ಣು,” ಎಂದಳು ಚನ್ನಬಸವ್ವ. ಆಮೇಲೆ ಗಂಡನ ಕಡೆ ತಿರುಗಿ, “ಚೆಲ್ಲಂದಾಕಿ ನಾನು. ನನ್ನ ಹೆಸರು ಹೇಳ್ರಿ,” ಎಂದಳು.

“ಹೇಳಿದ್ರ ಸಾಲು ಬಂದ್ ಆಗತೈತಿ.”

“ಹೇಳಲಿಲ್ಲಂದ್ರ?”

ಶಿವಶರಣಪ್ಪನವರು ಕಟ್ಟೆಯ ಮೇಲೆ ಉದುರಿದ ಎಳ್ಳನ್ನು ಬೆರಳಿನಿಂದ ಒಟ್ಟುಮಾಡಿದರು.

“ಆ ತಮ್ಮ ಒಂದ ತಿಂಗಳಾತು, ನನ್ನ ಕೈಯಾಗಿನ ಊಟ ಅರ್ಧಕ್ಕ ಬಿಟ್ಟು ಏಳಾಕತ್ಯಾನ,” ಎಂದಳು ಆಕೆ, ತಟ್ಟೆಗಳನ್ನು ಎತ್ತುತ್ತ. “ನಿಮ್ಮ ಸಣ್ಣಾಂವ ಗಟ್ಟಿ ಅದಾನ. ಅಳದರೂ ಇರತಾನ, ಬಿಟ್ಟರೂ ಇರತಾನ.”

ಸೋಮವಾರದ ಮೀಟಿಂಗಿನಲ್ಲಿ ಲಿಂಡಾ ಅಂಕಿಗಳನ್ನು ಓದಿ, ಯಂತ್ರದ ಯೋಜನೆಯನ್ನು ಕೈಬಿಡುವ ಮಾತಿಗೆ ಬಂದಾಗ, ಶಿವಶರಣಪ್ಪನವರು ಎದ್ದು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು. ಒಳಗೆ ರೊಟ್ಟಿಯ ಚೂರು. ಇದೇನೆಂದು ಆಕೆ ಕೇಳಿದಳು. ತಮ್ಮ ಹೆಂಡತಿ ಮಾಡಿದ ರೊಟ್ಟಿ ಎಂದು ಶುರುಮಾಡಿ, ಚರಗವೆಂದರೇನು, ಅದನ್ನು ಎಷ್ಟು ವರ್ಷದಿಂದ ಚೆಲ್ಲುತ್ತಿದ್ದೇನೆ, ಈ ವರ್ಷ ಎಲ್ಲಿ ಚೆಲ್ಲಿದೆ, ಏಪ್ರಿಲ್ ಒಂದರಂದು ಏನು ಕಂಡೆ, ಕಂಡದ್ದನ್ನು ಯಾಕೆ ಜೇಬಿಗೆ ಹಾಕಿಕೊಂಡೆ ಎನ್ನುವುದನ್ನೆಲ್ಲ ಅವರು ನಿಂತೇ ಹೇಳಿದರು. ಹೆಂಡತಿಯ ಹೆಸರನ್ನು ರೊಟ್ಟಿಯ ಮಟ್ಟಿಗಷ್ಟೇ ತಂದರು. ಯಂತ್ರದಲ್ಲಿ ದೋಷವಿಲ್ಲ, ತಂತಿ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಕುಳಿತರು.

ಲಿಂಡಾ ಚೀಲವನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂರು ತಿಂಗಳು ಹಿಮದಲ್ಲಿದ್ದೂ ಕೆಟ್ಟಿಲ್ಲವಲ್ಲ, ಎಂದಳು. ಆಮೇಲೆ ಕಡ್ಡಿ ಮುರಿದಂತೆ ಹೇಳಿದಳು: ಇದು ನಿಯಮಕ್ಕೆ ವಿರುದ್ಧ, ಲಿಖಿತ ಎಚ್ಚರಿಕೆ ಬರುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಶಿವಶರಣಪ್ಪನವರಿಗೆ ಬಂದ ಒಂದೇ ಎಚ್ಚರಿಕೆ ಅದು. ಮೇ ತಿಂಗಳಲ್ಲಿ ತಂತಿ ಬದಲಾಯಿಸಿದರು. ಅಂಕಿ ತಾಳೆಯಾಯಿತು. ಇಪ್ಪತ್ತೇಳನೆಯ ಸಾಲಿನ ಕೈಯಳತೆ ನಿಂತಿತು.

ಮುನಿರಾಜು ಮೂರು ವಾರ ಮನೆಯ ಕಡೆ ಸುಳಿಯಲಿಲ್ಲ. ತಪ್ಪು ತನ್ನದಲ್ಲವೆಂದು ತಿಳಿದ ಸಂತೋಷಕ್ಕಿಂತ, ‘ಏನಿಲ್ಲ’ ಎಂದ ಆ ಒಂದು ಮಾತು ಅವನಿಗೆ ಹೆಚ್ಚು ನಾಟಿತ್ತು. ನಾಲ್ಕನೆಯ ಶನಿವಾರ ಬಾಗಿಲು ತಟ್ಟಿದ.

“ಅಕ್ಕ, ಊಟ ಅದಾ? ಇಲ್ಲ ಎಲ್ಲಾನೂ ಇಲಿಗೇ ಹಾಕ್ಬುಟ್ರಾ?”

“ಬಾರಪಾ. ನಿನಗಂತ ಇಟ್ಟೇನಿ.”

ಶಿವಶರಣಪ್ಪನವರು ಎದ್ದು ನಿಂತರು. “ತಮ್ಮಾ, ನಾನು ಅವತ್ತು…”

“ಕೂತ್ಕಳಿ ಅಣ್ಣ. ಎರಡು ದಿನ ತಡ ಮಾಡಿದ್ರಿ, ಅಷ್ಟೇಯ. ನಾನಾಗಿದ್ರೆ ಹೇಳ್ತಿದ್ನೋ ಇಲ್ವೋ, ದೇವ್ರಾಣೆ ಗೊತ್ತಿಲ್ಲ,” ಎಂದು ತಟ್ಟೆ ಎಳೆದುಕೊಂಡು, ಆ ದಿನ ನಾಲ್ಕು ರೊಟ್ಟಿ ತಿಂದ.

ಊಟ ಮುಗಿದ ಮೇಲೆ ಅವನು ಸುದ್ದಿ ತೆಗೆದ. ಯಂತ್ರ ಎಷ್ಟೇ ಒಳ್ಳೆಯದಾದರೂ ವರ್ಷಕ್ಕೊಮ್ಮೆ ಯಾರಾದರೂ ಹೋಗಿ ನಳಿಗೆ ಇಳಿಸಿ ಅದನ್ನು ಪರೀಕ್ಷಿಸಬೇಕೆಂದು ಅವನೇ ತನ್ನ ವರದಿಯಲ್ಲಿ ಬರೆದಿದ್ದ. ಲಿಂಡಾ ಒಪ್ಪಿದ್ದಳು. ನಿವೃತ್ತರು ಸ್ವಯಂಸೇವಕರಾಗಿ ಜೊತೆಗೆ ಬರಬಹುದೇ ಎಂದು ಕೇಳಿದ್ದಕ್ಕೆ, ಬರಲಿ, ಆದರೆ ರೊಟ್ಟಿ ಕಾರಿನಲ್ಲಿರಲಿ, ಎಂದಿದ್ದಳು.

“ನಾಲ್ಕು ಸಲ ಇದ್ದಿದ್ದು ಒಂದಾತು,” ಎಂದರು ಶಿವಶರಣಪ್ಪನವರು.

“ಒಂದಾದ್ರೂ ಉಳ್ಕತಲ್ಲ ಅಣ್ಣ.”

“ಹಂಗಾದ್ರ ನಾನೂ ಬರತೇನಿ,” ಎಂದಳು ಚನ್ನಬಸವ್ವ. “ಇಪ್ಪತ್ತೆರಡು ವರ್ಷ ಬುತ್ತಿ ಕಟ್ಟೇನಿ. ಹೊಲ ನೋಡೇ ಇಲ್ಲ.”

ಮರುವರ್ಷದ ಜನವರಿಯಲ್ಲಿ ಮೂವರೂ ಹೋದರು. ಆಕೆ ಮಗಳ ಜಾಕೆಟ್ಟು ತೊಟ್ಟು, ಹಿಮದ ಪಾದುಕೆ ಕಟ್ಟಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತ ಹತ್ತಿದಳು. ಕೆರೆಯ ದಂಡೆಗೆ ಬಂದು ತಲೆಯೆತ್ತಿದಾಗ ಮಾತ್ರ ಬೈಗುಳ ನಿಂತಿತು. ಎರಡು ದೊಡ್ಡ ಶಿಖರಗಳೂ ಮೋಡದಲ್ಲಿದ್ದವು. ನಡುವಿನದು ಬಿಸಿಲಿನಲ್ಲಿತ್ತು.

“ಇಂವನ ಏನು?”

“ಇಂವನs.”

“ಸಣ್ಣಾಂವ ಅಂದ್ರಿ. ಸಾಕಷ್ಟು ದೊಡ್ಡಾಂವ ಅದಾನಲ್ಲ.”

ಹತ್ತು ಗುರುತುಗಳೂ ಮುಗಿದವು. ಪ್ರತಿ ಸಲವೂ ನಳಿಗೆಯ ತುದಿಗೆ ಮಣ್ಣು ಬಂತು. ಅಳತೆಗೂ ಯಂತ್ರಕ್ಕೂ ಅರ್ಧ ಇಂಚಿನ ವ್ಯತ್ಯಾಸ. ಮುನಿರಾಜು ಆ ಅರ್ಧ ಇಂಚು ನಳಿಗೆಯದೇ ತಪ್ಪು ಎಂದ, ಶಿವಶರಣಪ್ಪನವರು ಒಪ್ಪಲಿಲ್ಲ. ಆಗ ಚನ್ನಬಸವ್ವ ಚೀಲದಿಂದ ಒಂದು ಹಿತ್ತಾಳೆಯ ತಂಬಿಗೆಯನ್ನೂ ನೀರಿನ ಬಾಟಲಿಯನ್ನೂ ತೆಗೆದಳು. ಬಾಟಲಿಯಲ್ಲಿದ್ದದ್ದು ಮನೆಯ ನಲ್ಲಿಯ ನೀರು.

“ತುತ್ತು ಚೆಲ್ಲೂದು ಬ್ಯಾಡಂದ್ರ ಬ್ಯಾಡ. ಚರಗದಾಗ ನೀರೂ ಐತೆಲ್ಲ. ಇಷ್ಟು ವರ್ಷ ನೀವು ಬಿಟ್ಟಿದ್ದು ಇದು,” ಎಂದು ತಂಬಿಗೆ ತುಂಬಿಕೊಂಡು, ಫರ್ ಮರದಿಂದ ಕೆರೆಯ ಕಡೆಗೆ ಚಿಮುಕಿಸುತ್ತ ನಡೆದಳು. ಕೂಗಬೇಕಾದುದನ್ನು ಪಿಸುಗುಟ್ಟಲಿಲ್ಲ. ‘ಹುಲ್ಲುಲ್ಲಿಗೋ’ ಎಂದದ್ದು ಬಂಡೆಗೆ ಬಡಿದು ಹಿಂದಕ್ಕೆ ಬಂತು.

“ಅಕ್ಕ, ಹಂಗೆಲ್ಲ ನೀರ್ ಹಾಕಿದ್ರೆ ನನ್ ರೀಡಿಂಗು ಜಾಸ್ತಿ ಆಯ್ತದೆ,” ಎಂದ ಮುನಿರಾಜು.

“ಆಗಲಿ ಬಿಡಪಾ. ನಿಮ್ಮ ಅಣ್ಣ ಬರಕೋತಾರ.”

ಶಿವಶರಣಪ್ಪನವರು ನಿಜವಾಗಿಯೂ ಬರೆಯುತ್ತಿದ್ದರು. ಕೈಗವಸನ್ನು ಹಲ್ಲಿನಿಂದ ಎಳೆದು ತೆಗೆದು, ಸೀಸದ ಕಡ್ಡಿಯನ್ನು ಬೆಚ್ಚಗೆ ಮಾಡಿಕೊಂಡು, ಹತ್ತನೆಯ ಗುರುತಿನ ಮುಂದಿನ ಷರಾ ಮನೆಯನ್ನು ಅವರು ತುಂಬಿಸಿದರು: ‘ಒಂದು ತಂಬಿಗೆ ನೀರು ಚೆಲ್ಲಲಾಯಿತು. ಚರಗ.’